ಅಮಾಸಿ ದಿನದ ಲಾಗಿನ್

ವೆಬ್‌ಸೈಟ್ ಕೆಟ್ಟು ನಿಂತರೆ ಯಾರೂ ನನಗೆ ಫೋನ್ ಮಾಡುವುದಿಲ್ಲ. ನಿಂತಿರುವುದೇ ಅವರಿಗೆ ಗೊತ್ತಾಗಿರುವುದಿಲ್ಲ. ಅದು ತಾನಾಗಿಯೇ ಏನಾದರೂ ಮಾಡಲು ಶುರು ಮಾಡಿದಾಗ ಮಾತ್ರ ಫೋನ್ ಬರುತ್ತದೆ. "ಅಕ್ಕಾರ, ನಾ ಏನೂ ಮುಟ್ಟಿಲ್ರಿ, ಅದರಷ್ಟಕ್ಕ ಅದೇ..." ಎನ್ನುವಷ್ಟರಲ್ಲಿ ಆ ಕಡೆಯ ದನಿ ಸಣ್ಣದಾಗುತ್ತದೆ. ಸಿಂಧನೂರಿನ ಸುಡು ಮಧ್ಯಾಹ್ನದಲ್ಲೂ ನನ್ನ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ. ಈ ಕಸುಬಿಗೆ ಬಂದಾಗಿನಿಂದ ಇಂಥವು ನಡೆಯುತ್ತಲೇ ಇವೆ, ನಾನು ಹೆದರುತ್ತಲೇ ಇದ್ದೇನೆ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಣ್ಣಪುಟ್ಟ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ, ಆಮೇಲೆ ಅದನ್ನು ಕಾಯುತ್ತೇನೆ. ದೆವ್ವ, ಗಾಳಿ ಎಂದರೆ ನನಗೆ ನಂಬಿಕೆಯಿಲ್ಲ. ಹೆದರಿಕೆ ಇದೆ, ಅದು ಬೇರೆ ಮಾತು. ನನ್ನ ಅತ್ತೆಯದು ಉಲ್ಟಾ. ಅವರಿಗೆ ನಂಬಿಕೆ ಪೂರಾ ಇದೆ, ಹೆದರಿಕೆ ಚೂರೂ ಇಲ್ಲ. ಅಂಗಡಿಯ ಹೊಸ್ತಿಲ ಪಕ್ಕ ಎಲೆ-ಅಡಿಕೆಯ ಚಂಚಿ ಬಿಚ್ಚಿಕೊಂಡು ಕೂತಿರುತ್ತಾರೆ. ಬಂದ ಗಿರಾಕಿಗೆ ನನಗಿಂತ ಮೊದಲು ಅವರೇ ಪರಿಹಾರ ಹೇಳಿಬಿಡುತ್ತಾರೆ.

ನನ್ನ ಮೊಟ್ಟಮೊದಲ ಗಿರಾಕಿ ತುರ್ವಿಹಾಳದ ಅಜ್ಜಾರು. ಹೆಣ್ಣು-ಗಂಡು ಜೋಡಿಸುವುದು ಅವರ ಕಸುಬು. ಮೊದಲೆಲ್ಲ ಕೊಡೆ ಬಗಲಲ್ಲಿಟ್ಟುಕೊಂಡು ಬಳಗಾನೂರು, ಮುಕ್ಕುಂದ ಎಂದು ಊರೂರು ತಿರುಗುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ನನ್ನ ಹತ್ತಿರ ವೆಬ್‌ಸೈಟ್ ಮಾಡಿಸಿದರು. ಸುತ್ತಲಿನ ಮನೆತನದವರು ಮಕ್ಕಳ ಫೋಟೋ, ಫೋನ್ ನಂಬರ್ ಅದಕ್ಕೆ ಕೊಟ್ಟಿದ್ದು ಸೈಟ್ ನೋಡಿ ಅಲ್ಲ, ಅಜ್ಜಾರ ಮುಖ ನೋಡಿ. ಹೊಂದುವ ಜೋಡಿ ಎನಿಸಿದರೆ ಅಜ್ಜಾರು ತಮ್ಮ ಫೋನಿನಲ್ಲಿ ಹಸಿರು ಗುಂಡಿ ಒತ್ತಬೇಕು, ಆಗ ಮಾತ್ರ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೋಗುತ್ತದೆ. ಬೇಡವಾದರೆ ಕೆಂಪು ಗುಂಡಿ.

"ಮಂದಿ ಹೆಣ್ಮಕ್ಕಳ ಫೋಟೋ ಅದಾವ ತಂಗಿ," ಎನ್ನುತ್ತಿದ್ದರು. "ಒಂದು ಬ್ಯಾರೇದವರ ಕೈಗೆ ಹೋತಂದ್ರ ನಾ ಬದುಕಿದ್ದೂ ಸತ್ತಂಗ."

ಅದಕ್ಕೇ ಅವರು ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ, ಬೇರೆಯವರ ಸೈಟುಗಳಿಗೆ ಏನೇನು ಗತಿಯಾಯಿತು ಎಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದ ಗಿರಾಕಿ ಅವರೊಬ್ಬರೇ. ಅತ್ತೆಗೆ ಮಾತ್ರ ಅವರ ಮೇಲೆ ಸಿಟ್ಟು. ನನ್ನ ಮೈದುನನ ಫೋಟೋವೂ ಅದೇ ಸೈಟಿನಲ್ಲಿ ಎಷ್ಟೋ ಕಾಲದಿಂದ ಕಾಯುತ್ತಿತ್ತು. ಅಜ್ಜಾರು "ಹೊಂದೋದು ಬರ್ಲಿ ತಡೀರಿ" ಎನ್ನುತ್ತಲೇ ಇದ್ದರು, ಮೈದುನನ ತಲೆಗೂದಲು ತಡೆಯುತ್ತಿರಲಿಲ್ಲ.

ಮಾಲಕರಿಗೆ ಮಾತ್ರ ಕಾಣದ್ದು

ಸಿಂಧನೂರಿನ ಒಬ್ಬ ಅಕ್ಕಿ ಮಿಲ್ಲಿನ ಮಾಲಕರು ಒಂದು ದಿನ ಬೆವರು ಒರೆಸಿಕೊಳ್ಳುತ್ತ ಬಂದರು. ಅವರ ಸೈಟು ತೆರೆದ ಗಿರಾಕಿಗಳಿಗೆ ಅಕ್ಕಿ ಕಾಣುತ್ತಿರಲಿಲ್ಲವಂತೆ. ಯಾವುದೋ ದೇಶದ ಅಕ್ಷರಗಳು, ಹಲ್ಲು ಕಿಸಿಯುವ ಗೊಂಬೆಗಳು, ಜೂಜಾಡಲು ಕರೆಯುವ ಹೆಣ್ಣಿನ ಚಿತ್ರಗಳು ಕಾಣುತ್ತಿದ್ದವಂತೆ.

"ನೀವು ನೋಡಿದ್ರೇನ್ರಿ?" ಎಂದೆ.

"ಅದೇ ಅಂಜಿಕಿ ರೀ ಅಕ್ಕಾರ. ನನಗ ಕಾಣಂಗಿಲ್ಲ! ನಾ ತೆಗೆದ್ರ ಬರೇ ಅಕ್ಕಿ. ನಿನ್ನೆ ಗಿರಾಕಿ ಒಬ್ಬ ತನ್ನ ಫೋನಿನ್ಯಾಗ ತೋರ್ಸಾಕಂತ ಬಂದ. ಅವನ ಕೈಯಾಗ ಗೊಂಬಿ ನಗಾಕತ್ತಿತ್ತಂತ. ನಾ ಇಸ್ಕೊಂಡು ಮತ್ತೊಮ್ಮೆ ತೆಗೆದೆ, ಅಕ್ಕಿ ಆತು. ನನ್ನ ಕೈ ಬಡದ ಕೂಡ್ಲೇ ಅಕ್ಕಿ ಆಗತೈತ್ರಿ!"

ಹೊಸ್ತಿಲಿನಿಂದ ಅತ್ತೆಯ ದನಿ ಬಂತು: "ಮಾಲಕನ್ನ ಕಂಡ್ರ ಅಡಗತೈತಿ ಅಂದ್ರ ಅದು ಗುರುತಿನ ಗಾಳಿನೇ. ದರ್ಗಾದಾಗ ತಾಯತ ಕಟ್ಟಿಸ್ರಿ."

ನಾನು ಸೈಟಿನ ಒಳಗೆಲ್ಲ ಹುಡುಕಿದೆ. ಮಾಲಕರ ಅಳಿಯ, ದುಡ್ಡು ಕೊಟ್ಟು ಕೊಳ್ಳಬೇಕಾದ ಒಂದು ಥೀಮನ್ನು, ಎಂದರೆ ಸೈಟಿನ ಸಿದ್ಧ ವಿನ್ಯಾಸವನ್ನು, ಎಲ್ಲಿಂದಲೋ ಪುಕ್ಕಟೆ ಇಳಿಸಿ ಹಾಕಿದ್ದ. ಅದರೊಳಗೆ ಒಂದು ಕಳ್ಳ ಪ್ರೋಗ್ರಾಮು ಕೂತಿತ್ತು. ಅದರ ಜಾಣತನ ನೋಡಿ ನನಗೇ ಮೈ ಜುಮ್ಮೆಂದಿತು. ಲಾಗಿನ್ ಆದ ಮಾಲಕರನ್ನು ಅದು ಗುರುತು ಹಿಡಿಯುತ್ತಿತ್ತು, ಅವರಿಗೆ ಎಲ್ಲ ಸರಿ ಇದೆಯೆಂದೇ ತೋರಿಸುತ್ತಿತ್ತು. ಹುಡುಕಿಕೊಂಡು ಹೊಸದಾಗಿ ಬಂದವರಿಗೆ ಒಂದೇ ಸಲ ತನ್ನ ಮುಖ ತೋರಿಸಿ, ಎರಡನೇ ಸಲ ಅಡಗುತ್ತಿತ್ತು. ನಾನು ಎಲ್ಲವನ್ನೂ ತೆಗೆದು, ಅಸಲಿ ಥೀಮ್ ಹಾಕಿ, ಪಾಸ್‌ವರ್ಡ್ ಬದಲಿಸಿದೆ. ಇನ್ನು ಮುಂದೆ ಅಪ್‌ಡೇಟ್ ಬಂದಾಗ ತಡ ಮಾಡಬೇಡಿ, ಪುಕ್ಕಟೆ ಸಿಕ್ಕಿದ್ದನ್ನು ಒಳಗೆ ಬಿಟ್ಟುಕೊಳ್ಳಬೇಡಿ, ಸೈಟಿನ ಒಂದು ಬ್ಯಾಕಪ್ ಬೇರೆ ಕಡೆ ಇರಲಿ ಎಂದೆಲ್ಲ ಹೇಳಿದೆ.

"ಬ್ಯಾಕಪ್ ಅಂದ್ರ?"

"ಒಂದು ಕೈಕೊಟ್ರ ಇನ್ನೊಂದು ಇರ್ಬೇಕ್ರಿ, ಅಷ್ಟೇ."

ಕೆಲವು ದಿನ ಬಿಟ್ಟು ಮಿಲ್ಲಿಗೆ ಹೋದೆ. ಆಫೀಸಿನ ಮೋಡೆಮಿಗೆ ಕರಿದಾರದಲ್ಲಿ ತಾಯತ ಕಟ್ಟಿತ್ತು. "ಇದೇನ್ರಿ? ನಾ ಎಲ್ಲಾ ಕ್ಲೀನ್ ಮಾಡಿದ್ನಲ್ಲ" ಎಂದೆ.

ಮಾಲಕರು ಗಂಭೀರವಾಗಿ ಹೇಳಿದರು: "ನಿಮ್ಮ ಮ್ಯಾಲ ಪೂರಾ ಭರೋಸಾ ಐತ್ರಿ ಅಕ್ಕಾರ. ಇದು ಬ್ಯಾಕಪ್."

ಮಸ್ಕಿಯ ಕಣ್ಣು

ಮಸ್ಕಿಯಲ್ಲಿ ಒಬ್ಬರ ಕಲ್ಯಾಣ ಮಂಟಪವಿದೆ. ಗಿರಾಕಿಗಳು ಮನೆಯಲ್ಲೇ ಕೂತು ಹಾಲ್ ನೋಡಲಿ ಎಂದು ಅವರು ಸೀಲಿಂಗಿಗೆ ತಿರುಗುವ ಕ್ಯಾಮೆರಾ ಕಟ್ಟಿಸಿ, ಅದನ್ನು ಸೈಟಿಗೆ ಜೋಡಿಸಿದ್ದರು. ಜೋಡಿಸಿದ್ದು ನಾನಲ್ಲ, ಕ್ಯಾಮೆರಾ ಮಾರಿದವನು. ಮದುವೆಯ ಸೀಜನ್ ಮುಗಿದು ಹಾಲ್ ಖಾಲಿ ಬಿದ್ದಾಗ ಅವರ ಫೋನ್ ಬಂತು.

"ವಾಚ್‌ಮನ್ ಕೆಲಸ ಬಿಡ್ತೀನಿ ಅಂತಾನ್ರಿ. ಅದು ತನ್ನನ್ನ ನೋಡತೈತಂತ."

ನಾನು ಹೋದಾಗ ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಕಂಬಕ್ಕೆ ಒಣಗಿದ ಚೆಂಡುಹೂವಿನ ಸರ ಹಾಗೇ ಇತ್ತು. ಹೊರಗೆ ಬಿಸಿಲು ಕಾದ ಹಂಚಾಗಿತ್ತು, ಒಳಗೆ ಒಂದು ಸಪ್ಪಳವಿಲ್ಲ. ನಾವಿಬ್ಬರೂ ನಡುವಿಗೆ ಬಂದು ನಿಂತೆವು. ಮೇಲೆ ಕಿರ್ರ್ ಎಂದಿತು. ಬಾಗಿಲ ಕಡೆಗಿದ್ದ ಕ್ಯಾಮೆರಾ ನಿಧಾನಕ್ಕೆ ತಿರುಗಿ ನಮ್ಮ ಮೇಲೆ ಬಂದು ನಿಂತಿತು. ನಾನು ಎಡಕ್ಕೆ ಸರಿದೆ, ಅದೂ ಎಡಕ್ಕೆ ಸರಿಯಿತು. ಬಲಕ್ಕೆ ಬಂದೆ, ಅದೂ ಬಂತು. ಮಾಲಕರು ಅಷ್ಟರಲ್ಲಿ ನನ್ನ ಬೆನ್ನ ಹಿಂದಿದ್ದರು.

"ನೀವು ಮುಂದ ನಡೀರಿ ಅಕ್ಕಾರ, ನಿಮಗ ಇಂಥ ಗಾಳಿಗೋಳೆಲ್ಲ ಪರಿಚಯ ಅದಾವ."

ಆಗ ಅದು ಮಾತಾಡಿತು. ಅದರಲ್ಲೊಂದು ಸಣ್ಣ ಸ್ಪೀಕರ್ ಇತ್ತಂತೆ. ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಗಂಡಸಿನ ದನಿ ಏನೋ ಕೇಳಿತು, ಉತ್ತರಕ್ಕೆ ಕಾಯಿತು, ಆಮೇಲೆ ಸಣ್ಣಗೆ ನಕ್ಕಿತು. ನಾನು ಗೋಡೆ ಹಿಡಿದುಕೊಂಡು ಹೋಗಿ ವೈರ್ ಕಿತ್ತೆ.

ಕಾರಣ ತೀರಾ ಸಾದಾ. ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಆ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು. ಯಾವ ದೇಶದವನೋ ಪುರಸೊತ್ತಿದ್ದಾಗ ಬಂದು ಮಸ್ಕಿಯ ಹಾಲ್ ನೋಡಿಕೊಂಡು ಹೋಗುತ್ತಿದ್ದ. ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿ, ಕ್ಯಾಮೆರಾವನ್ನು ಸೈಟಿನಿಂದ ತೆಗೆದು, ಅದರ ಬದಲು ಹಾಲಿನ ಫೋಟೋ ಹಾಕಿ ಕೊಡುತ್ತೇನೆಂದೆ.

ಮಾಲಕರು ಗದ್ದ ಕೆರೆದುಕೊಂಡರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಅವನ್ನ ಬಿಡಿಸಲೇಬೇಕೇನ್ರಿ? ನಮ್ಮ ವಾಚ್‌ಮನ್ ಬಿದ್ದು ನಿದ್ದಿ ಹೊಡೀತಾನ. ಇವನು ಪಾಪ, ಪಗಾರಿಲ್ಲದ ನೋಡ್ಕೊಂಡು ಹೊಂಟಿದ್ದ."

ಈ ಕಥೆ ಕೇಳಿ ತುರ್ವಿಹಾಳದ ಅಜ್ಜಾರು ನಗಲಿಲ್ಲ. ಅಂದೇ ತಮ್ಮ ಪಾಸ್‌ವರ್ಡ್ ಬದಲಿಸಿಕೊಂಡರು. ಯಾರೇ ಅವರ ಸೈಟಿನೊಳಗೆ ಲಾಗಿನ್ ಆದರೂ ಕೂಡಲೇ ನನಗೊಂದು ಮೇಲ್ ಬರುವ ಹಾಗೆ ಮಾಡಿಸಿದರು. "ನಾನಾದ್ರೂ ಬರ್ಲಿ, ಕಳ್ಳನಾದ್ರೂ ಬರ್ಲಿ, ನಿಮಗ ಗೊತ್ತಾಗ್ಬೇಕು ತಂಗಿ" ಎಂದರು.

ಹೌದ್ರಿ, ನಾನೇ ಮಾತಾಡೋದು

ಲಿಂಗಸುಗೂರಿನಲ್ಲಿ ಮದುವೆಗೆ ಬಾರಿಸುವ ಬ್ಯಾಂಡ್ ಕಂಪನಿಯವರೊಬ್ಬರಿದ್ದಾರೆ. ಬಲು ಜೋರಿನ ಮನುಷ್ಯ. ಎದುರಿಗಿದ್ದವರಿಗೆ ಮಾತನಾಡಿದರೂ ಊರಾಚೆಗೆ ಕೇಳಬೇಕು. ಅವರು ವರ್ಷ ವರ್ಷ ಡೊಮೈನ್ ನವೀಕರಿಸಬೇಕಿತ್ತು. ಡೊಮೈನ್ ಎಂದರೆ ಸೈಟಿನ ವಿಳಾಸದ ಹೆಸರು. ಅದು ನಮ್ಮ ಸ್ವಂತ ಆಸ್ತಿಯಲ್ಲ, ಬಾಡಿಗೆಗೆ ಹಿಡಿದ ಮಳಿಗೆ. ನೆನಪಿಸುವ ಮೇಲ್ ಮೇಲಿಂದ ಮೇಲೆ ಬಂದಿದ್ದವು. ಅವರು ಒಂದನ್ನೂ ತೆರೆದಿರಲಿಲ್ಲ.

"ಗೊತ್ತಿಲ್ಲದ ಮೇಲ್ ಮುಟ್ಟಬ್ಯಾಡ್ರಿ ಅಂತ ನೀವೇ ಹೇಳಿದ್ರಲ್ರಿ!" ಎಂದು ನನ್ನ ಮೇಲೇ ಬಂದರು. ಹೇಳಿದ್ದೆ, ನಿಜ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಆ ಕಂಪನಿಯ ಸೈಟಿಗೆ ನೀವೇ ಹೋಗಿ ನೋಡಿ ಎಂದು ಹೇಳಿದ ಉಳಿದರ್ಧ ಅವರ ಕಿವಿಗೆ ಹೋಗಿರಲಿಲ್ಲ. ಅವಧಿ ಮುಗಿದು ಹೆಸರು ಕೈತಪ್ಪಿತ್ತು. ಬೇರೆ ಯಾರೋ ಅದನ್ನು ಹಿಡಿದಿದ್ದರು.

ಸೈಟ್ ತೆರೆದು ನೋಡಿದೆವು. ಎಲ್ಲ ಹಾಗೇ ಇತ್ತು. ಅದೇ ಬ್ಯಾಂಡಿನ ಫೋಟೋ, ಮುಂದೆ ಕೆಂಪು ಕೋಟು ಹಾಕಿ ನಿಂತ ಅವರೇ, ಕೆಳಗೆ ಅವರದೇ ಹೆಸರು. ಕೆಳಗಿನ ಫೋನ್ ನಂಬರ್ ಮಾತ್ರ ಅವರದಲ್ಲ. ತನ್ನ ಫೋಟೋ ತನ್ನನ್ನೇ ನೋಡುವುದನ್ನು ಕಂಡು ಆ ಜೋರಿನ ಮನುಷ್ಯನ ದನಿ ಮೊದಲ ಬಾರಿ ಕೆಳಗಿಳಿಯಿತು. "ಹಚ್ಚಿ ನೋಡ್ಲೇನ್ರಿ?" ಎಂದರು. ಅವರ ಹೆಂಡತಿಯೂ ಪಕ್ಕದಲ್ಲಿದ್ದರು. ಸ್ಪೀಕರ್ ಹಾಕಿ ಆ ನಂಬರಿಗೆ ಹಚ್ಚಿದರು.

"ಯಾರ್ರೀ ಮಾತಾಡೋದು?" ಎಂದು ಕೇಳಿ, ತಮ್ಮದೇ ಹೆಸರು ಹೇಳಿ, ಆ ಹೆಸರಿನವರು ಬೇಕಾಗಿತ್ತು ಎಂದರು.

ಆ ಕಡೆಯಿಂದ ಅಚ್ಚ ನಮ್ಮ ಕಡೆಯ ಮಾತಿನಲ್ಲೇ ಉತ್ತರ ಬಂತು: "ಹೌದ್ರಿ, ನಾನೇ ಮಾತಾಡೋದು. ಹೇಳ್ರಿ ಸಾಹೇಬ್ರ, ಆರಾಮದೀರಿ?"

ಬ್ಯಾಂಡಿನವರ ಕೈಯಿಂದ ಫೋನ್ ಜಾರಿತು. ಇವರು ಯಾರು ಹಾಗಾದರೆ ಎಂದು ಒಂದು ಗಳಿಗೆ ನಾನೂ ಅವರ ಮುಖ ನೋಡಿದೆ. ಆ ಕಡೆಯವನು ಮದುವೆಯವರಿಂದ ಮುಂಗಡ ಹಾಕಿಸಿಕೊಂಡು ಮಾಯವಾಗುತ್ತಿದ್ದ. ಸೈಬರ್ ಪೊಲೀಸರಿಗೆ ದೂರು ಕೊಡಿಸಿದೆ, ಹೊಸ ಹೆಸರು ಹಿಡಿಸಿದೆ, ಈ ಸಲ ತಾನಾಗಿಯೇ ನವೀಕರಣವಾಗುವ ಹಾಗೆ ಮಾಡಿದೆ. ಹಳೆಯ ಸೈಟನ್ನು ನಂಬಬೇಡಿ ಎಂದು ಊರಿಗೆಲ್ಲ ತಿಳಿಸಿದೆವು.

ಹೊರಡುವಾಗ ಅವರ ಹೆಂಡತಿ ನನ್ನನ್ನು ಬದಿಗೆ ಕರೆದರು. "ಆ ಕಡಿಯಾವ ಎಷ್ಟು ಮರ್ಯಾದಿಂದ ಮಾತಾಡ್ತಾನ್ರಿ! ನಮ್ಮ ಮನಿಯವರು ಇಷ್ಟು ವರ್ಷದಾಗ ಒಮ್ಮೆರ 'ಆರಾಮದೀ' ಅಂತ ಕೇಳಿಲ್ಲ. ಅವನ ನಂಬರ್ ಅಳಸಬ್ಯಾಡ್ರಿ."

ಇದನ್ನು ಕೇಳಿದ ಅಜ್ಜಾರು ಚಹಾದ ಕಪ್ಪು ಕೆಳಗಿಟ್ಟರು. ತಮ್ಮ ಹೆಸರು ಬೇರೆಯವನ ಕೈಗೆ ಹೋದರೆ ಆಗುವುದೇನೆಂದು ಅವರಿಗೆ ಗೊತ್ತಾಗಿತ್ತು. ತುರ್ವಿಹಾಳದ ಅಜ್ಜಾರೆಂದೇ ನಂಬಿ ಜನ ಹೆಣ್ಣುಮಕ್ಕಳ ಫೋಟೋವನ್ನು ಯಾವನೋ ಅಪರಿಚಿತನಿಗೆ ಕಳಿಸುತ್ತಾ ಹೋಗುತ್ತಾರೆ. ಡೊಮೈನ್ ನನ್ನ ಹೆಸರಿನಲ್ಲಿರಬಾರದು, ಅವರ ಹೆಸರಿನಲ್ಲೇ, ಅವರ ಫೋನಿಗೇ ಓಟಿಪಿ ಬರುವ ಹಾಗೆ ಇರಬೇಕು ಎಂದು ಹೇಳಿ ಹಾಗೇ ಮಾಡಿಕೊಟ್ಟೆ. ಆ ಓಟಿಪಿ ಯಾರಿಗೂ ಹೇಳಬೇಡಿ ಎಂದೆ.

"ನಿಮಗೂ?"

"ನನಗೂ."

"ಮನ್ಯಾಕಿಗೂ?"

"ಅಮ್ಮಾರಿಗೂ ಹೇಳಬ್ಯಾಡ್ರಿ."

ಅಜ್ಜಾರು ಕೊಡೆ ಎತ್ತಿಕೊಂಡು ಎದ್ದರು. "ಸತ್ತ ಮ್ಯಾಲೂ ಹೇಳಂಗಿಲ್ಲ ಬಿಡ್ರಿ" ಎಂದು ನಕ್ಕರು.

ಹಸಿರು ಗುಂಡಿ

ಭತ್ತದ ಕೊಯ್ಲಿನ ಹೊತ್ತಿಗೆ ಅಜ್ಜಾರು ತೀರಿಕೊಂಡರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ತಂದೆಯ ವಯಸ್ಸಿನ ಮನುಷ್ಯ, ನನ್ನ ಕೆಲಸಕ್ಕೆ ಮೊದಲು ಬೆಲೆ ಕೊಟ್ಟವರು. ಸೈಟನ್ನು ಏನು ಮಾಡುವುದೆಂದು ಅವರ ಮನೆಯವರನ್ನು ದುಃಖದಲ್ಲಿ ಕೇಳಲು ಬಾಯಿ ಬರಲಿಲ್ಲ. ಇರಲಿ, ಯಾರೂ ಹಸಿರು ಗುಂಡಿ ಒತ್ತದಿದ್ದರೆ ಅದು ತನ್ನಷ್ಟಕ್ಕೆ ಸುಮ್ಮನಿರುತ್ತದೆ ಎಂದುಕೊಂಡೆ.

ಅಮಾಸಿಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದಾಗ ನನಗೊಂದು ಮೇಲ್ ಬಂತು. ತುರ್ವಿಹಾಳದ ಅಜ್ಜಾರು ಲಾಗಿನ್ ಆಗಿದ್ದಾರೆ ಎಂದಿತ್ತು.

ನಾನು ಎರಡೆರಡು ಸಲ ಓದಿದೆ. ಹೊರಗೆ ಫಳಫಳ ಬಿಸಿಲು, ಆಟೋದವರ ಕೂಗಾಟ. ಸೈಟ್ ತೆರೆದೆ. ನೋಡುತ್ತಿದ್ದ ಹಾಗೇ ಒಂದು ಜೋಡಿಗೆ ಹಸಿರು ಬಿತ್ತು. ಸ್ವಲ್ಪ ಹೊತ್ತು ಸುಮ್ಮನಾಯಿತು. ಇನ್ನೊಂದಕ್ಕೆ ಕೆಂಪು ಬಿತ್ತು. ಮತ್ತೆ ಸುಮ್ಮನಾಯಿತು. ಆಮೇಲೆ ಒಂದು ಹಸಿರು. ಅಜ್ಜಾರು ಬದುಕಿದ್ದಾಗಲೂ ಹೀಗೇ ಒಂದೊಂದಕ್ಕೂ ಯೋಚಿಸಿ, ಯೋಚಿಸಿ ಒತ್ತುತ್ತಿದ್ದರು. ಕಳ್ಳನಿರಬೇಕೆಂದು ಎಲ್ಲಿಂದ ಲಾಗಿನ್ ಆಗಿದೆ ಎಂದು ನೋಡಿದೆ. ಅವರದೇ ಫೋನು, ಅವರದೇ ಊರು. ಆ ದಿನ ಬಿಟ್ಟರೆ ತಿಂಗಳಿಡೀ ಸದ್ದಿಲ್ಲ. ಮುಂದಿನ ಅಮಾಸಿಗೆ, ಅದೇ ನಡುಮಧ್ಯಾಹ್ನಕ್ಕೆ, ಅಜ್ಜಾರು ಮತ್ತೆ ಬಂದರು.

ಕುರ್ಚಿ ಬಿಟ್ಟೆದ್ದು ಅತ್ತೆಯ ಹತ್ತಿರ ಓಡಿ ಹೋಗಿ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಅತ್ತೀ, ಸತ್ತವರು ಲಾಗಿನ್ ಆಗ್ಯಾರಂತೀನಿ!"

"ಕೇಳಿಸ್ತು ಬೇ. ಹಿರೇರು ಅಮಾಸಿಗೆ ಬರದ ಮತ್ಯಾವಾಗ ಬರ್ಬೇಕು?"

"ಪಾಸ್‌ವರ್ಡ್ ಬದಲಿ ಮಾಡಿ ಬಾಗಲಾ ಮುಚ್ಚಿಬಿಡ್ತೀನಿ."

ಆಗ ಮಾತ್ರ ಅತ್ತೆ ಗಾಬರಿಯಾಗಿ ನನ್ನ ಕೈ ಹಿಡಿದರು. "ಮುಚ್ಚಬ್ಯಾಡ ನಮ್ಮವ್ವ! ಬದುಕಿದ್ದಾಗಂತೂ ಆ ಮನಷಾಗ ನಮ್ಮ ಹುಡುಗನ್ನ ನೋಡಾಕ ಪುರಸೊತ್ತಿರ್ಲಿಲ್ಲ. ಈಗರ ನೋಡ್ಲಿ ತಡಿ."

ಬಲದ ಎಸಳು

ಅಷ್ಟರಲ್ಲಿ ಅಜ್ಜಾರ ಡೊಮೈನಿನ ಅವಧಿ ಮುಗಿಯುತ್ತ ಬಂತು. ಡೊಮೈನ್ ಕಂಪನಿಯವರನ್ನು ಕೇಳಿದೆ. ಮರಣ ಪತ್ರ, ವಾರಸುದಾರರ ಕಾಗದ ಕಳಿಸಿ, ಪರಿಶೀಲಿಸಲು ಸಮಯ ಬೇಕು ಎಂದರು. ಅಷ್ಟು ಸಮಯ ನಮ್ಮ ಹತ್ತಿರ ಇರಲಿಲ್ಲ. ಉಳಿದ ದಾರಿ ಒಂದೇ: ಅಜ್ಜಾರ ಫೋನಿಗೆ ಬರುವ ಓಟಿಪಿ. ಅಜ್ಜಾರ ಮನೆಗೆ ಫೋನ್ ಹಚ್ಚಿದರೆ ಅವರ ಹೆಂಡತಿ ಅಮ್ಮಾರು, "ಅವರ ಫೋನು ಅಮಾಸಿ ಒಂದಿನ ಅಷ್ಟೇ ಚಾಲೂ ಮಾಡೋದ್ರಿ ಯವ್ವಾ, ಅವತ್ತು ಬರ್ರಿ" ಎಂದರು. ಅವಧಿ ಮುಗಿಯುವುದು ಅಮಾಸಿಯ ಮರುದಿನ. ಲಿಂಗಸುಗೂರಿನ ಫೋನಿನ ಆ ದನಿ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: ಹೌದ್ರಿ, ನಾನೇ ಮಾತಾಡೋದು.

ಅತ್ತೆಯನ್ನು ಕರೆದುಕೊಂಡು ತುರ್ವಿಹಾಳದ ಬಸ್ಸು ಹತ್ತಿದೆ. ಕರೆದುಕೊಂಡು ಎಂದದ್ದು ತಪ್ಪು. ಅವರು ನನಗಿಂತ ಮೊದಲೇ ಹೋಗಿ ಸೀಟು ಹಿಡಿದಿದ್ದರು.

ನಾವು ಮುಟ್ಟಿದಾಗ ಅಮ್ಮಾರು ಅಂಗಳದಲ್ಲಿ ಕೂತಿದ್ದರು. ಕೋಣೆಯ ಬಾಗಿಲು ಮುಂದಕ್ಕೆ ಎಳೆದು ಮುಚ್ಚಿತ್ತು. ಹಿರಿಯರಿಗೆ ಎಡೆ ಇಟ್ಟರೆ ನಮ್ಮ ಕಡೆ ಹಾಗೇ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅವರ ಫೋಟೋದ ಮುಂದಿಟ್ಟು, ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂಡುತ್ತಾರೆ.

"ಫೋನ್ ಎಲ್ಲೈತ್ರಿ ಅಮ್ಮಾರ?"

"ಒಳಗ ಎಡಿ ಕೂಡ ಇಟ್ಟೀನಿ. ಹೋಳಗಿ, ಚಾ, ಚಸ್ಮಾ, ಫೋನು. ಅವರಿಗೆ ಅದರ ಮ್ಯಾಲ ಭಾಳ ಜೀವ."

ನೋಡೋಣವೆಂದು ನನ್ನ ಲ್ಯಾಪ್‌ಟಾಪ್ ತೆರೆದು ಓಟಿಪಿ ಕೇಳಿದೆ. ಮುಚ್ಚಿದ ಬಾಗಿಲ ಆಚೆ, ಯಾರೂ ಇಲ್ಲದ ಕೋಣೆಯಲ್ಲಿ, ಟಿಣ್ ಎಂದಿತು. ನಾನು ಎದ್ದೆ.

"ಕುಂದ್ರಿ!" ಎಂದರು ಅಮ್ಮಾರು. "ಅವರು ಉಣ್ಣಾಕತ್ತಾರ."

ಓಟಿಪಿಯ ಹತ್ತು ನಿಮಿಷ ಹಾಗೇ ಕಳೆಯಿತು. ಅಜ್ಜಾರು ಬದುಕಿದ್ದಾಗಲೂ ಊಟಕ್ಕೆ ಅವಸರ ಮಾಡಿದವರಲ್ಲ. ಕೊನೆಗೆ ಅಮ್ಮಾರು ಬಾಗಿಲು ತಟ್ಟಿ, ಕೆಮ್ಮಿ, ನಮ್ಮನ್ನು ಒಳಗೆ ಕರೆದರು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು. ದೀಪದ ಬೆಳಕಿನಲ್ಲಿ ಗೋಡೆಗೆ ಆನಿಸಿಟ್ಟ ಫೋಟೋದಲ್ಲಿ ಅಜ್ಜಾರು ನಗುತ್ತಿದ್ದರು. ಫೋಟೋದ ಚೌಕಟ್ಟಿಗೆ ಆನಿಸಿ ಫೋನಿಟ್ಟಿತ್ತು. ಅಮ್ಮಾರು ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟರು, ಫೋನೂ ತೆರೆಯಿತು, ಅದರಲ್ಲಿದ್ದ ಅಜ್ಜಾರ ಸೈಟೂ ತೆರೆಯಿತು. ಅದೇ ಕ್ಷಣ ನನ್ನ ಫೋನಿಗೆ ಮೇಲ್ ಬಂತು: ಅಜ್ಜಾರು ಲಾಗಿನ್ ಆಗಿದ್ದಾರೆ.

"ಅಮ್ಮಾರ... ಇದು ನಿಮ್ಮ ಬೆಟ್ಟೇನ್ರಿ?"

"ಮೊದಲಿಂದ ನಂದೇ ಯವ್ವಾ. ಸುಣ್ಣ ತಿಕ್ಕಿ ತಿಕ್ಕಿ ಅವರ ಬೆಟ್ಟು ಸವದಿತ್ತು, ಅದು ಗುರ್ತು ಹಿಡೀತಿರ್ಲಿಲ್ಲ. ಪ್ರತಿ ಸಲ ಒಲಿ ಮುಂದಿಂದ ನನ್ನ ಕರೀತಿದ್ರು. ನನಗ ಓದಾಕ ಬರಂಗಿಲ್ಲಲ್ಲ, ಅದಕ್ಕ ನನ್ನ ಬೆಟ್ಟು ನಡೀತೈತಿ ಅಂತಿದ್ರು."

ಅಮಾಸಿಯ ಲಾಗಿನ್ನಿನ ಗುಟ್ಟು ಇದೇ ಆಗಿತ್ತು. ಅವರ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಅಮ್ಮಾರು ಎಡೆಯ ದಿನ ಒಂದೊಂದು ಜೋಡಿಯ ಫೋಟೋ ತೆರೆದು ಅಜ್ಜಾರನ್ನೇ ಕೇಳುತ್ತಿದ್ದರು. ಗುಡಿಯಲ್ಲಿ ಹೂ ಕೇಳುವ ಹಾಗೆ. ನೀರಲ್ಲಿ ಅದ್ದಿದ ಎರಡು ಎಸಳುಗಳನ್ನು ಫೋಟೋದ ಗಾಜಿಗೆ, ಬಲಕ್ಕೊಂದು ಎಡಕ್ಕೊಂದು ಹಚ್ಚುವುದು. ಬಲದ್ದು ಮೊದಲು ಬಿದ್ದರೆ ಹಸಿರು ಗುಂಡಿ, ಎಡದ್ದು ಬಿದ್ದರೆ ಕೆಂಪು. ಕೇಳಿ ನನ್ನ ಹೆದರಿಕೆ ಇಳಿಯಿತು. ಓಟಿಪಿ ಬೇಕೆಂದು, ಯಾಕೆ ಬೇಕೆಂದು ಬಿಡಿಸಿ ಹೇಳಿದೆ.

ಅಮ್ಮಾರು ಫೋನನ್ನು ಸೆರಗಿನೊಳಗೆ ಎಳೆದುಕೊಂಡರು. "ಅದನ್ನ ಯಾರಿಗೂ ಹೇಳಬ್ಯಾಡ, ಆ ತಂಗಿ ಬಂದು ಕೇಳಿದ್ರೂ ಹೇಳಬ್ಯಾಡ ಅಂತ ಆಣಿ ಹಾಕ್ಸ್ಯಾರ್ರಿ. ಆ ತಂಗಿನೇ ಹಂಗ ಹೇಳ್ಯಾಳಂತ."

ಆ ತಂಗಿ ನಾನೇ.

"ಅವರನ್ನೇ ಕೇಳ್ರಿ ಬೇಕಾರ" ಎಂದರು ಅಮ್ಮಾರು.

ಹೀಗಾಗಿ ನಾನು, ಗಾಳಿ-ದೆವ್ವ ನಂಬದವಳು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸತ್ತವರ ಫೋಟೋದ ಮುಂದೆ ಓಟಿಪಿಗೆ ಹೂ ಕೇಳುತ್ತ ಕೂತೆ. ಅಮ್ಮಾರು ಎಸಳು ಹಚ್ಚಿದರು. ನಾನು ಓಟಿಪಿ ಕೇಳುವ ಗುಂಡಿ ಒತ್ತಿದೆ. ಟಿಣ್ ಎಂದಿತು. ಎಸಳು ಎರಡೂ ಅಲುಗಲಿಲ್ಲ. ಓಟಿಪಿಯ ಅವಧಿ ಮುಗಿಯಿತು. ಮತ್ತೆ ಒತ್ತಿದೆ. ಟಿಣ್. ಅತ್ತೆ ಫೋಟೋದ ಹತ್ತಿರಕ್ಕೆ ಬಾಗಿ ಭಕ್ತಿಯಿಂದ ನೋಡುತ್ತಿದ್ದರು. ಎಡದ ಎಸಳು ಕಳಚಿ ಕೆಳಗೆ ಬಿತ್ತು.

"ಒಲ್ಲೆ ಅಂದ್ರು" ಎಂದರು ಅಮ್ಮಾರು. ಬೇಸರ ಮಾಡಿಕೊಳ್ಳಬೇಡಿ ಎಂದು ಅತ್ತೆಗೆ ಎಲೆ-ಅಡಿಕೆ ಮಡಿಸಿ ಕೊಟ್ಟರು. ಅತ್ತೆ ಅವರ ಕಿವಿಯಲ್ಲಿ ಏನೋ ಉಸುರಿದರು. ಅಮ್ಮಾರು ತಲೆಯಾಡಿಸಿ ಫೋನಿನಲ್ಲಿ ಏನೋ ಸರಿಸಿ, ಮತ್ತೆ ಫೋಟೋಕ್ಕೆ ಆನಿಸಿಟ್ಟು, ಹೊಸ ಎಸಳು ಹಚ್ಚಿದರು.

ನನಗೆ ತಡೆಯಲಿಲ್ಲ. ಫೋಟೋದ ಮುಂದೆ ಕೈ ಜೋಡಿಸಿದೆ. "ಅಜ್ಜಾರ, ಯಾರಿಗೂ ಹೇಳಬ್ಯಾಡ್ರಿ ಅಂದಾಕಿ ನಾನೇ. ನೀವು ಪಾಲಿಸಿದ್ರಿ. ಆದ್ರ ನಾಳೆ ನಿಮ್ಮ ಹೆಸರು ಹಿಡಕೊಂಡು ಯಾವನೋ ಕುಂದ್ರತಾನ್ರಿ. ಮಂದಿ ನೀವಂತ ತಿಳಕೊಂಡು ಹೆಣ್ಮಕ್ಕಳ ಫೋಟೋ ಕೊಡ್ತಾರ. ಹಂಗಾಗಬಾರ್ದಂತ ಅಲ್ಲೇನ್ರಿ ನೀವು ವಾರಾ ವಾರಾ ಬರ್ತಿದ್ದದ್ದು?" ನನ್ನ ಕಣ್ಣಲ್ಲಿ ನೀರು ಬಂದಿತ್ತು. ಗುಂಡಿ ಒತ್ತಿದೆ.

ಟಿಣ್.

ಕೋಣೆಯಲ್ಲಿ ಗಾಳಿಯಿರಲಿಲ್ಲ. ದೀಪದ ಕುಡಿ ನೆಟ್ಟಗೆ ನಿಂತಿತ್ತು. ಬಲದ ಎಸಳು ಗಾಜಿನ ಮೇಲೆ ಮೆಲ್ಲಗೆ ಜಾರಿ, ಅಜ್ಜಾರ ನಗುವನ್ನು ದಾಟಿ, ಹೋಳಿಗೆಯ ಮೇಲೆ ಬಿತ್ತು.

"ಹೂಂ ಅಂದ್ರು!" ಎಂದು ಅಮ್ಮಾರು ಫೋನ್ ಎತ್ತಿಕೊಂಡು ಒಂದು ಕಡೆ ಒತ್ತಿ, ಆಮೇಲೆ ನನ್ನ ಕೈಗೆ ಕೊಟ್ಟರು. ಪರದೆಯ ಮೇಲ್ತುದಿಯಲ್ಲಿ ಓಟಿಪಿ ಇತ್ತು. ಅದನ್ನು ಹಾಕಿದೆ. ಡೊಮೈನ್ ಉಳಿಯಿತು. ಕೆಳಗೆ ನೋಡಿದರೆ ನನ್ನ ಮೈದುನನ ಫೋಟೋ, ಪಕ್ಕದಲ್ಲಿ ಮುಕ್ಕುಂದದ ಒಂದು ಹುಡುಗಿಯ ಫೋಟೋ, ಎರಡರ ನಡುವೆ ಹಸಿರು.

"ಅತ್ತೀ! ಹೂ ಬಿದ್ದಿದ್ದು ಓಟಿಪಿಗೆ ರೀ!"

ಅತ್ತೆಯ ಬಾಯಿ ತುಂಬ ಎಲೆಯಿತ್ತು. ಎರಡಕ್ಕೂ ಎಂದು ಎರಡು ಬೆರಳು ಎತ್ತಿ ತೋರಿಸಿದರು.

ಮೈದುನನ ಮದುವೆ ಮಸ್ಕಿಯ ಅದೇ ಮಂಟಪದಲ್ಲಾಯಿತು. ಬಾರಿಸಲು ಲಿಂಗಸುಗೂರಿನವರು ಬಂದಿದ್ದರು, ಅಸಲಿಯವರೇ. ಬಂದ ಕೂಡಲೇ ಹೆಂಡತಿಯ ಮೇಲೆ ರೇಗಿದ್ದರಿಂದ ಖಾತ್ರಿಯಾಯಿತು. ನನಗೆ ಬಂಗಾರದಂಥ ನೆಗೆಣ್ಣಿ ಸಿಕ್ಕಳು. ಸೈಟು ಈಗ ಅಮ್ಮಾರ ಹೆಸರಿನಲ್ಲಿದೆ, ಅವರ ನಂತರ ಯಾರಿಗೆ ಎನ್ನುವುದನ್ನೂ ಗೊತ್ತು ಮಾಡಿಟ್ಟಿದ್ದೇವೆ.

ಊಟದ ಪಂಕ್ತಿಯಲ್ಲಿ ಅಮ್ಮಾರ ಪಕ್ಕ ಕೂತು ನನ್ನ ಜಾಣತನ ಹೇಳಿಕೊಂಡೆ. ಎಸಳು ಬಿದ್ದದ್ದು ಯಾಕೆಂದು ನಾನು ಆಮೇಲೆ ಯೋಚಿಸಿ ಕಂಡುಹಿಡಿದಿದ್ದೆ. "ಫೋನು ಫೋಟೋಕ್ಕ ಆನಿಸಿ ಇಟ್ಟಿದ್ರಲ್ರಿ, ಓಟಿಪಿ ಬಂದಾಗ ಅದು ನಡುಗಿ, ಎಸಳು ಉದುರಿತು. ಅಷ್ಟೇ."

ಅಮ್ಮಾರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ನಡಗೋದೆಲ್ಲಿ ಬಂತು ಯವ್ವಾ? ಬಾವಿಕಟ್ಟಿ ಮ್ಯಾಲಿಂದ ಬಿದ್ದಾಗಿಂದ ಅದು ನಡಗಂಗೇ ಇಲ್ಲ. ಬರೇ ಟಿಣ್ ಅಂತೈತಿ."

ನನ್ನ ಕುತ್ತಿಗೆಯ ಹಿಂದೆ ಮತ್ತೆ ತಣ್ಣಗಾಯಿತು. ಆ ಕಡೆ ಕೂತಿದ್ದ ಅತ್ತೆಯ ಕಡೆ ತಿರುಗಿ, "ಅತ್ತೀ, ಖರೇ ಹೇಳ್ರಿ, ನೀವು ಊದಿದ್ರಿಲ್ಲೋ?" ಎಂದು ಕೇಳಿದೆ. ಹೌದು ಎಂದರೆ ಸಾಕು, ಅವರ ಕಾಲು ಹಿಡಿಯಲೂ ತಯಾರಿದ್ದೆ.

"ಊದಿದ್ನಲ್ಲ" ಎಂದರು ಅತ್ತೆ. ನನಗೆ ಹೋದ ಜೀವ ಬಂತು. ಅವರು ನೀರು ಕುಡಿದು ಮುಂದುವರಿಸಿದರು: "ಎರಡನೇ ಸಲ. ಬಲದ್ದಕ್ಕ ಊದಿದ್ರ ಸುಡುಗಾಡು ಎಡದ್ದು ಬಿತ್ತು. ಮೂರನೇ ಸಲ ಹೆಂಗ ಊದ್ಲಿ ಬೇ? ಬಾಯಿ ತುಂಬ ಎಲಿ ಇತ್ತಲ್ಲ!"